ನಂಜುಂಡಪ್ಪನ ಬ್ಯಾಂಕು ಮುಳುಗಿದ ಬೇಸಿಗೆ

ಮೊಬೈಲು ಇನ್ನೂ ಅಪ್ಪಂದಿರ ಅಂಗಿ ಜೇಬಿನಲ್ಲಿ ಮಾತ್ರ ಇರುತ್ತಿದ್ದ ಆ ದಿನಗಳಲ್ಲಿ, ಮಂಡಿ ಮೊಹಲ್ಲಾದ ನಮ್ಮ ಬೀದಿಯಲ್ಲಿ ಮಾತಿಗಿಂತ ಕೈ ಮುಂದಾಗುತ್ತಿತ್ತು. ನಲ್ಲಿ ಹತ್ತಿರ ಬಿಂದಿಗೆಗೆ ಬಿಂದಿಗೆ ತಾಗಿದರೆ ಸಾಕು, ಜಡೆ ಜಗ್ಗಾಟ. ಲಗೋರಿಯಲ್ಲಿ ಚೆಂಡನ್ನು ಬೆನ್ನಿಗೆ ಹೊಡೆಯುವುದು ಬೇರೆ ಬೀದಿಗಳ ಕಾನೂನು, ನಮ್ಮಲ್ಲಿ ಮೂತಿಗೇ. ಹನ್ನೊಂದನೇ ವಯಸ್ಸಿಗೇ ನಾನು ಎದುರುಮನೆ ಹುಡುಗನ ಮುಂದಿನ ಹಲ್ಲು ಉದುರಿಸಿದ್ದೆ. ಅಂಥ ಬೀದಿಯಲ್ಲಿ ನೀವೂ ಬೆಳೆದಿದ್ದರೆ ನಗುತ್ತೀರಿ, ಇಲ್ಲದಿದ್ದರೆ ನನ್ನನ್ನು ಬೈಯುತ್ತೀರಿ. ಬೈಯಿರಿ, ತಪ್ಪೇನಿಲ್ಲ.

ಅಪ್ಪ ತಗಡಿನ ಟ್ರಂಕು ಮಾಡುತ್ತಿದ್ದ. ಮುಂದೆ ಕಾರ್ಖಾನೆ, ಹಿಂದೆ ಮನೆ. ಬೆಳಗಾದರೆ ಕೊಡತಿ ಏಟಿನ ಸದ್ದು, ಬೆಸುಗೆಯ ಹೊಗೆ, ಪಕ್ಕದ ಮಂಡಿಯಿಂದ ಬೆಲ್ಲದ ಮೂಟೆಯ ವಾಸನೆ. ಎದುರಿಗೆ ಪುಟ್ಟತಾಯಮ್ಮನ ಇಡ್ಲಿ ಅಂಗಡಿ. ಆಕೆಯ ಕೆಂಪು ಚಟ್ನಿ ಎಷ್ಟು ಖಾರವೆಂದರೆ ತಿಂದವರು ಬೈದುಕೊಂಡೇ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದರು.

ಮಧ್ಯಾಹ್ನ ಮೂರಕ್ಕೆ ಸೈಕಲ್ ಬೆಲ್ಲು ಹೊಡೆಯುತ್ತಾ ಪಿಗ್ಮಿ ನಂಜುಂಡಪ್ಪ ಬರುತ್ತಿದ್ದರು. ದಿನಾ ಮನೆ ಬಾಗಿಲಿಗೆ ಬಂದು ಐದೋ ಹತ್ತೋ ಕಟ್ಟಿಸಿಕೊಂಡು, ಚೀಟಿ ಹರಿದುಕೊಟ್ಟು, ಸೊಸೈಟಿಗೆ ಒಪ್ಪಿಸುವುದು ಅವರ ಕೆಲಸ. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಆ ಸೊಸೈಟಿಯ ಹೆಸರೇನು, ಎಲ್ಲಿದೆ, ಅಧ್ಯಕ್ಷ ಯಾರು ಎಂದು ನಮ್ಮ ಬೀದಿಯ ಒಬ್ಬರೂ ಕೇಳಿದವರಲ್ಲ. ಚೀಟಿಯ ಮೇಲೆ ಅಚ್ಚಾಗಿದ್ದ ಹೆಸರನ್ನು ಓದಿದವರೂ ಇಲ್ಲ. ಎಲ್ಲರ ಬಾಯಲ್ಲೂ ಅದು ‘ನಂಜುಂಡಪ್ಪನ ಬ್ಯಾಂಕು’.

ನನಗೂ ಒಂದು ಪಿಗ್ಮಿ ಮಾಡಿಸಿಕೊಟ್ಟವರು ಅವರೇ. ಅಪ್ಪ ಕತ್ತರಿಸಿ ಬಿಸಾಕಿದ ತಗಡಿನ ಚೂರು ಆಯ್ದು ಗುಜರಿಗೆ ಹಾಕಿದರೆ ನನಗೆ ಪುಡಿಗಾಸು ಸಿಗುತ್ತಿತ್ತು. ಬೆರಳ ತುದಿಯಲ್ಲಿ ಸದಾ ಗಾಯ. ಅದನ್ನೆಲ್ಲ ಬೋಂಡಾಕ್ಕೆ ಸುರಿಯುತ್ತಿದ್ದುದನ್ನು ನೋಡಿ ಒಂದು ದಿನ ಕರೆದರು.

“ಏನವ್ವಾ, ರಕ್ತ ಸುರಿಸಿ ದುಡಿಯೋದು, ಬೋಂಡಾ ತಿಂದ್ಬುಡೋದಾ?”

“ಇನ್ನೇನ್ ಮಾಡ್ಲಿ ಮಾಮ?”

“ವಾರಕ್ಕೆ ಅರ್ಧ ತಿನ್ನು, ಅರ್ಧ ನನ್ ಕೈಗೆ ಕೊಡು. ನೀ ಮಲಗಿದ್ರೂ ಅದು ದುಡೀತದೆ. ಬಡ್ಡಿಗೂ ಬಡ್ಡಿ ಹುಟ್ತದೆ. ಅವಸರ ಮಾಡ್ಬಾರ್ದು, ಮಧ್ಯದಲ್ಲಿ ಕೈ ಹಾಕ್ಬಾರ್ದು. ಅಷ್ಟೇ ಕಣವ್ವಾ ಇದ್ಯೆ.”

ಇವತ್ತು ದುಡ್ಡಿನ ಪಾಠ ಹೇಳುವವರು ಗಂಟೆಗಟ್ಟಲೆ ಮಾತಾಡುತ್ತಾರೆ. ಇದಕ್ಕಿಂತ ಹೆಚ್ಚಿನದೇನನ್ನೂ ನಾನು ಅವರಿಂದ ಕೇಳಿಲ್ಲ. ಒಂದೂವರೆ ವರ್ಷ ಕಟ್ಟಿದೆ. ಸೈಕಲ್ ತಗೊಳ್ಳಬೇಕು ಎನ್ನುವುದೊಂದೇ ಹಟ. ಬಣ್ಣವನ್ನೂ ನೋಡಿಟ್ಟಿದ್ದೆ, ನೇರಳೆ.

ಅದೇ ಹೊತ್ತಿಗೆ ಸೊಸೈಟಿಯವರು ಮುದ್ದತ್ತು ಠೇವಣಿಗೆ ಯಾರೂ ಕೊಡದಷ್ಟು ಬಡ್ಡಿ ಕೊಡುತ್ತೇವೆಂದರು. ನಂಜುಂಡಪ್ಪ ಮನೆಮನೆಗೆ ಹೋಗಿ ಹೇಳಿದರು. ಪುಟ್ಟತಾಯಮ್ಮ ಮಗಳ ಮದುವೆಗೆಂದು ಇಟ್ಟಿದ್ದನ್ನೆಲ್ಲ ಹಾಕಿದಳು. ಸೌದೆ ಡಿಪೋ ಕರಿಗೌಡ ಹಾಕಿದ. ಅಪ್ಪ ಹೊಸ ತಗಡಿಗೆ ಇಟ್ಟದ್ದನ್ನು ಹಾಕಿದ. ‘ಅಷ್ಟು ಬಡ್ಡಿ ಅವರಿಗೆ ಎಲ್ಲಿಂದ ಬರುತ್ತದೆ?’ ಎಂಬ ಒಂದೇ ಒಂದು ಪ್ರಶ್ನೆ ಯಾರ ಬಾಯಿಂದಲೂ ಬರಲಿಲ್ಲ. ನಂಜುಂಡಪ್ಪನ ಬಾಯಿಂದಲೂ ಬರಲಿಲ್ಲ. ಅವರ ತಪ್ಪು ಇದ್ದದ್ದು ಅಲ್ಲಿ.

ಬೇಸಿಗೆ ರಜೆಯ ಒಂದು ಬೆಳಗ್ಗೆ ಸೊಸೈಟಿಗೆ ಬೀಗ ಬಿದ್ದಿದೆಯೆಂಬ ಸುದ್ದಿ ಬಂತು. ಅಧ್ಯಕ್ಷ ರಾತ್ರೋರಾತ್ರಿ ಪರಾರಿ. ಪುಟ್ಟತಾಯಮ್ಮ ಹಬೆಯಾಡುತ್ತಿದ್ದ ಇಡ್ಲಿ ಪಾತ್ರೆಯನ್ನು ಎತ್ತಿ ಬೀದಿಗೆ ಎಸೆದಳು. ಹತ್ತು ನಿಮಿಷದಲ್ಲಿ ಬೀದಿಯೆಲ್ಲ ಸೇರಿತ್ತು. ಕೈಕೈಗೆ ಸೌದೆ, ಸಲಾಕೆ, ಸೌಟು. ಪರಾರಿಯಾದವನ ಮುಖ ಯಾರೂ ಕಂಡಿರಲಿಲ್ಲ. ಕಂಡಿದ್ದ ಮುಖ ಒಂದೇ.

ನಂಜುಂಡಪ್ಪ ತಪ್ಪಿಸಿಕೊಂಡು ಓಡಬಹುದಿತ್ತು. ಓಡದೆ, ಸುದ್ದಿ ಹೇಳಲೆಂದು ನಮ್ಮ ಬೀದಿಗೇ ಬಂದರು! ಹಿತ್ತಿಲ ಕಡೆಯಿಂದ ನಮ್ಮ ಮನೆಗೆ ನುಗ್ಗಿದ ಅವರ ಅಂಗಿ ಆಗಲೇ ಹರಿದಿತ್ತು, ಕಿವಿಯಲ್ಲಿ ರಕ್ತ. ಅಪ್ಪ ತಗಡು ತರಲು ಹೋಗಿದ್ದ. ಅವ್ವ ಒಂದು ಗಳಿಗೆಯೂ ಯೋಚಿಸಲಿಲ್ಲ. ಕಾರ್ಖಾನೆಯ ಮೂಲೆಯಲ್ಲಿ ಮದುವೆಗೆಂದು ಯಾರೋ ಹೇಳಿ ಮಾಡಿಸಿದ್ದ ದೊಡ್ಡ ಟ್ರಂಕು ಇತ್ತು. “ಕೂತ್ಕೊಳಿ, ಉಸಿರು ಬುಡ್ಬ್ಯಾಡಿ” ಎಂದು ಅವರನ್ನು ಅದರೊಳಗೆ ಮುದುರಿಸಿ ಕೂರಿಸಿ ಮುಚ್ಚಳ ಎಳೆದಳು. ನನ್ನ ಕಡೆ ತಿರುಗಿ ತುಟಿ ಮೇಲೆ ಬೆರಳಿಟ್ಟಳು.

ಗುಂಪು ಒಳಗೆ ನುಗ್ಗಿತು. ಮುಂದೆ ಕರಿಗೌಡ.

“ಎಲ್ಲವ್ವಾ ಆ ಕಳ್ ನನ್ಮಗ?”

“ಇಲ್ಯಾಕ್ ಬತ್ತಾರೆ? ಬೇರೆ ಕಡೆ ನೋಡೋಗಿ” ಎಂದಳು ಅವ್ವ.

ಪುಟ್ಟತಾಯಮ್ಮ ಎದೆಎದೆ ಬಡಿದುಕೊಳ್ಳುತ್ತಿದ್ದಳು. ಕರಿಗೌಡ ಹೊರಡಲು ತಿರುಗಿದ್ದ. ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ಎಲ್ಲ ಹೊರಗಿರುತ್ತಿದ್ದರು. ನನಗೆ ನೇರಳೆ ಸೈಕಲ್ಲು ಕಾಣುತ್ತಿತ್ತು. ಬೆರಳಿನ ಗಾಯ ಉರಿಯುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಆದರೆ ಹೋಗಿ ಟ್ರಂಕಿಗೆ ಜಾಡಿಸಿ ಒದ್ದೆ.

ಖಾಲಿ ಟ್ರಂಕನ್ನು ಒದ್ದರೆ ಢಣ್ ಎನ್ನುತ್ತದೆ. ಇದು ಧಬ್ ಎಂದಿತು. ಹುಟ್ಟಿದಾಗಿನಿಂದ ಟ್ರಂಕಿನ ಸದ್ದು ಕೇಳಿಯೇ ಬೆಳೆದ ಬೀದಿ ಅದು, ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲ್ಲ ತಿರುಗಿದರು.

ಕರಿಗೌಡ ಮುಚ್ಚಳ ಎತ್ತಿದಾಗ ನಂಜುಂಡಪ್ಪನಿಗೆ ಮೊದಲು ಕಂಡದ್ದು ನಾನು. ಅವರು ಟ್ರಂಕಿನ ಅಂಚು ಹಿಡಿದು ಏಳಲು ಹೋದರು. ಕರಿಗೌಡ ಮುಚ್ಚಳವನ್ನು ಆ ಬಲಗೈ ಮೇಲೆ ರಪ್ಪೆಂದು ಬಡಿದ. ಮತ್ತೆ ಎತ್ತಿದ, ಮತ್ತೆ ಬಡಿದ. ಮೂಳೆ ಮುರಿದ ಸದ್ದು ಆ ಗಲಾಟೆಯಲ್ಲೂ ಕೇಳಿಸಿತು. ಆಮೇಲೆ ಹೊರಗೆಳೆದು ಹಾಕಿದರು. ತಗಡಿನ ಚೂರುಗಳ ಮೇಲೆ ಹೊರಳಾಡಿಸಿ ಒದ್ದರು. ಪುಟ್ಟತಾಯಮ್ಮ ಸೌಟಿನಿಂದ ಬಡಿಯುತ್ತಾ ಪ್ರತಿ ಏಟಿಗೂ ಮಗಳ ಹೆಸರು ಹೇಳುತ್ತಿದ್ದಳು. ಅಷ್ಟರಲ್ಲಿ ಬಂದ ಅಪ್ಪ, ಎಂದೂ ನನಗೊಂದು ಏಟು ಹಾಕದಿದ್ದ ನನ್ನ ಅಪ್ಪ, ಅವನೂ ಎರಡು ಒದ್ದ. ವಿಭೂತಿಯ ಹಣೆ ಪೂರ್ತಿ ಕೆಂಪಾಗಿತ್ತು. ಅವರು “ಅಯ್ಯೋ” ಎನ್ನಲಿಲ್ಲ, “ಬುಡ್ರಪ್ಪಾ” ಎನ್ನಲಿಲ್ಲ. “ನಂದೂ ಓಯ್ತು, ನಂದೂ ಓಯ್ತು” ಎಂದಷ್ಟೇ ಅನ್ನುತ್ತಿದ್ದರು. ಯಾರು ಕೇಳುತ್ತಾರೆ?

ನಿಲ್ಲಿಸಿದವಳು ಅವ್ವ. ಒಲೆಯಲ್ಲಿ ಕೆಂಪಗೆ ಕಾದಿದ್ದ ಬೆಸುಗೆಯ ಕಬ್ಬಿಣವನ್ನು ಎಳೆದುಕೊಂಡು ಗುಂಪಿಗೆ ಬೀಸಿದಳು.

“ಬನ್ರೋ ಈಗ, ಯಾವನ್ ಬತ್ತೀರೋ ಬನ್ರಿ! ಸತ್ತೋದ್ರೆ ನಿಮ್ಗೆ ದುಡ್ ಕೊಡೋರ್ಯಾರ್ರೋ?”

ಕರಿಗೌಡನ ಅಂಗಿ ತೋಳು ಸುಟ್ಟು ವಾಸನೆ ಬಂತು. ಗುಂಪು ಹಿಂದೆ ಸರಿಯಿತು. ಆಮೇಲೆ ಪೊಲೀಸರು ಬಂದು “ಯಾವ ಸೊಸೈಟಿ?” ಎಂದು ಕೇಳಿದಾಗ ಬೀದಿಗೆ ಬೀದಿಯೇ ಹೇಳಿತು: “ನಂಜುಂಡಪ್ಪನ ಬ್ಯಾಂಕು ಸಾರ್.”

ಅವತ್ತು ಸಂಜೆ ಅವ್ವ ನನ್ನನ್ನು ಪೊರಕೆ ಮುರಿಯುವವರೆಗೆ ಹೊಡೆದಳು. ನಾನು ಒಂದೇಟಿಗೂ ತಪ್ಪಿಸಿಕೊಳ್ಳಲಿಲ್ಲ. ಆ ಬಾಸುಂಡೆ ನಾಲ್ಕು ದಿನದಲ್ಲಿ ಇಳಿಯಿತು.

ರಜೆ ಮುಗಿಯುವ ಹೊತ್ತಿಗೆ ಸರ್ಕಾರದವರು ಒಬ್ಬ ಅಧಿಕಾರಿಯನ್ನು ನೇಮಿಸಿ, ದುಡ್ಡು ಕಳೆದುಕೊಂಡವರು ಫಾರಂ ತುಂಬಿ ಕೊಡಬೇಕೆಂದರು. ಬೀದಿಯಲ್ಲಿ ಅದನ್ನು ತುಂಬಬಲ್ಲವರು ಯಾರಿದ್ದರು? ಒಂದು ಮಧ್ಯಾಹ್ನ ಮೂರಕ್ಕೆ ನಂಜುಂಡಪ್ಪ ನಡೆದುಕೊಂಡು ಬಂದರು. ಬಲಗೈಗೆ ಪಟ್ಟಿ, ಒಂದು ಕಣ್ಣು ಅರ್ಧ ಮುಚ್ಚಿತ್ತು. ಬಗಲಲ್ಲಿ ಫಾರಂಗಳ ಕಟ್ಟು. ಪುಟ್ಟತಾಯಮ್ಮನ ಜಗಲಿ ಮೇಲೆ ಕೂತರು. ಒಬ್ಬರೂ ಮಾತಾಡಿಸಲಿಲ್ಲ, ಓಡಿಸಲೂ ಇಲ್ಲ. ಅವರು ನನ್ನನ್ನು ಕರೆದರು.

“ನಿನ್ ಅಕ್ಷರ ದುಂಡಗವೆ. ನಾ ಹೇಳ್ತೀನಿ, ನೀ ಬರಿ. ನನ್ ಬೆರಳು ಮಡಚಲ್ಲ.”

ಮೂರು ದಿನ ಬರೆದೆ. ಸೌಟು ಎತ್ತಿದವಳ ಫಾರಂ, ಮುಚ್ಚಳ ಬಡಿದವನ ಫಾರಂ, ಅಪ್ಪನದು, ನನ್ನದು. ಯಾರ ಚೀಟಿ ಎಷ್ಟು ಎನ್ನುವುದು ಅವರಿಗೆ ಬಾಯಿಪಾಠ. ಕೊನೆಗೆ ಒಂದು ಉಳಿಯಿತು.

“ಇದು ಯಾರ್ದು ಮಾಮ?”

“ನಂದೇ ಕಣವ್ವಾ.”

ಕಡಕೊಳದಲ್ಲಿ ಅವರ ಹೊಲ ಕಾರ್ಖಾನೆಗೆ ಹೋದಾಗ ಬಂದ ಪರಿಹಾರ, ಪೂರ್ತಿ ಅದೇ ಸೊಸೈಟಿಗೆ ಹಾಕಿದ್ದರು. ಇಡೀ ಬೀದಿಯದನ್ನು ಕೂಡಿಸಿದರೂ ಅದರ ಹತ್ತಿರ ಬರುತ್ತಿರಲಿಲ್ಲ. ಸೊನ್ನೆಗಳನ್ನು ಎರಡು ಸಲ ಎಣಿಸಿ ಬರೆದೆ. ಸಹಿ ಹಾಕುವ ಜಾಗದಲ್ಲಿ ಅವರು ಎಡಗೈ ಹೆಬ್ಬೆಟ್ಟು ಒತ್ತಿದರು. ನನಗೆ ತಡೆಯಲಾಗಲಿಲ್ಲ.

“ಮಾಮ, ಅವತ್ತು ಟ್ರಂಕಿಗೆ ಒದ್ದಿದ್ದು...”

“ಗೊತ್ತು ಕಣವ್ವಾ” ಎಂದರು. “ಶಾಯಿ ಒಣಗ್ಲಿ. ಮಡಚ್ಬ್ಯಾಡ.”

ಅಷ್ಟೇ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ.

ವರ್ಷಗಳ ಮೇಲೆ ಬೀದಿಯವರಿಗೆ ಅರ್ಧಂಬರ್ಧ ದುಡ್ಡು ಬಂತು. ನಂಜುಂಡಪ್ಪನದು ಬರುವ ಹೊತ್ತಿಗೆ ಅವರೇ ಇರಲಿಲ್ಲ. ಈಗ ವಿದ್ಯಾರಣ್ಯಪುರಂನ ನನ್ನ ಮನೆಯಲ್ಲಿ ಕೂತು ನಾನೂ ತಿಂಗಳು ತಿಂಗಳು ದುಡ್ಡು ಹಾಕುತ್ತೇನೆ. ಫೋನೇ ತಾನಾಗಿ ಖಾತೆಯಿಂದ ಕತ್ತರಿಸಿಕೊಳ್ಳುತ್ತದೆ. ಹಾಕುವ ಮುಂಚೆ ಎಲ್ಲ ಓದುತ್ತೇನೆ, ಯಾರದು, ಎಲ್ಲಿಯದು, ಬಡ್ಡಿ ಎಲ್ಲಿಂದ ಬರುತ್ತದೆ ಎಂದು ಕೇಳುತ್ತೇನೆ. ಅಷ್ಟು ಕಲಿತಿದ್ದೇನೆ. ಬಿಸಿಲಲ್ಲಿ ಬಾಗಿಲಿಗೆ ಬಂದು, ಬೆರಳಿನ ಗಾಯ ನೋಡಿ, ‘ಏನವ್ವಾ’ ಎನ್ನುವವರು ಮಾತ್ರ ಯಾರೂ ಇಲ್ಲ. ಹಾಗೆ ಅಂದ ಒಬ್ಬರನ್ನು ನಾನೇ ಒದ್ದು ತೋರಿಸಿಕೊಟ್ಟೆ. ಆ ಜಗಲಿಯ ಮೇಲೆ, ಆ ಮುರಿದ ಕೈಯಿಂದಲೇ, ಅವರು ನನ್ನ ಕೆನ್ನೆಗೆ ಒಂದು ಬಾರಿಸಿಬಿಟ್ಟಿದ್ದರೆ ಇವತ್ತಿಗೆ ನಾನು ಅದನ್ನು ಮರೆತಿರುತ್ತಿದ್ದೆ.