ರಾಗಿ ಲೋಹವಾದ ದಿನ

“ಸಿಯು ಅಂದರೆ ರಾಗಿ, ಸಿಯು ಅಂದರೆ ರಾಗಿ” ಎಂದು ಏಳನೇ ತರಗತಿಯ ಮಗಳು ಮೂಲವಸ್ತುಗಳ ಸಂಕೇತಗಳನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು. ಮುದ್ದೆ ತಿರುವುತ್ತಿದ್ದ ನಮ್ಮತ್ತೆ ಕೋಲು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದರು.

“ಅಲ್ಲ ಮಗಾ, ರಾಗಿ ಯಾವತ್ತು ಲೋಹ ಆಯ್ತು? ನಾವು ಅದನ್ನ ಹೊಲದಲ್ಲಿ ಬೆಳೀತೀವಿ!”

“ಇಲ್ಲ ನಾನಮ್ಮಾ, ಟ್ಯೂಷನ್ ಮೇಡಮ್ಮೇ ಹೇಳಿದ್ದು.” ತೆಲುಗಿನ ಮಕ್ಕಳಂತೆ ಅಜ್ಜಿಯನ್ನು ನಾನಮ್ಮ ಎಂದೇ ಕರೆಯುವ ಅವಳೂ ಬಿಡಲಿಲ್ಲ.

ಇಬ್ಬರೂ ಸರಿಯೇ. ತೆಲುಗಿನಲ್ಲಿ ತಾಮ್ರಕ್ಕೆ ರಾಗಿ ಎನ್ನುತ್ತಾರೆ. ಬ್ಯಾಂಕಿನ ವರ್ಗಾವಣೆಯಲ್ಲಿ ನಾನು ವಿಶಾಖಪಟ್ಟಣಕ್ಕೆ ಬಂದಾಗ ಮಗಳಿನ್ನೂ ತೊದಲುತ್ತಿದ್ದಳು. ಈಗ ಅವಳ ಬಾಯಿಗೆ ಕನ್ನಡಕ್ಕಿಂತ ತೆಲುಗೇ ಬೇಗ ಬರುತ್ತದೆ. ತುಮಕೂರಿನಿಂದ ಬಂದಿದ್ದ ಅತ್ತೆ, ಮೊಮ್ಮಗಳ ಜೊತೆ ಆಡಲು ಮಾತೇ ಇಲ್ಲವೆಂದು ನನ್ನೆದುರು ಕಣ್ಣೊರೆಸಿಕೊಂಡಿದ್ದರು.

ನಾನು ವಿಷಯ ಬಿಡಿಸಿ ಹೇಳಿದ್ದೇ ತಡ, ಅತ್ತೆ ದೇವರಮನೆಯ ತಾಮ್ರದ ಚೊಂಬನ್ನೂ ಒಂದು ಹಿಡಿ ರಾಗಿಹಿಟ್ಟನ್ನೂ ತಂದು ಅವಳ ಮುಂದಿಟ್ಟರು. “ಇದು ತಾಮ್ರ, ಇದು ರಾಗಿ. ಈಗ ಹೇಳು.” ಅವಳು ಹೇಳಿದಳು. ಆಮೇಲೆ ಅಜ್ಜಿಯ ಕಾಲುಂಗುರ ಮುಟ್ಟಿ “ಎಜಿ, ವೆಂಡಿ” ಎಂದಳು. “ನಮ್ಮಲ್ಲಿ ಅದು ಬೆಳ್ಳಿ” ಎಂದರು ಅತ್ತೆ. ಕಿವಿಯ ಓಲೆ ಮುಟ್ಟಿದಾಗ ಇಬ್ಬರ ಬಾಯಲ್ಲೂ ಒಟ್ಟಿಗೇ “ಬಂಗಾರ” ಎಂದು ಬಂತು. ಇಬ್ಬರೂ ನಕ್ಕುಬಿಟ್ಟರು. ಒಲೆಯ ಮೇಲೆ ಮುದ್ದೆ ತಳ ಹಿಡಿದದ್ದು ಯಾರಿಗೂ ಗೊತ್ತಾಗಲಿಲ್ಲ.

ಅತ್ತೆ ಊರಿಗೆ ಮರಳಿದ್ದಾರೆ. ಮೊದಲೆಲ್ಲ ಫೋನಿನಲ್ಲಿ ಅಜ್ಜಿ, ಮೊಮ್ಮಗಳ ಮಾತು “ಊಟ ಆಯ್ತಾ” ಎಂಬಲ್ಲಿಗೇ ಮುಗಿಯುತ್ತಿತ್ತು. ಈಗ ಸಂಜೆಯಾದರೆ ಅವರೇ ಕರೆ ಮಾಡಿ, ನನ್ನನ್ನು ವಿಚಾರಿಸುವ ಮೊದಲೇ, “ಮಗೀಗೆ ಫೋನ್ ಕೊಡಮ್ಮ, ಸೀಸಕ್ಕೆ ಏನು ಬರೀತಾರೋ ಮರ್ತೋಯ್ತು” ಎನ್ನುತ್ತಾರೆ.