ತೊಳೆದು ತಂದ ಕಾಲುಗಳು

ಪವಿತ್ರ ಗುರುವಾರ ಚರ್ಚಿನಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ. ಆ ಹನ್ನೆರಡು ಜನ ಮನೆಯಲ್ಲೇ ಸೋಪು ಹಾಕಿ, ಹಿಮ್ಮಡಿ ಉಜ್ಜಿ, ಫಳಫಳ ಮಾಡಿಕೊಂಡು ಬರುತ್ತಾರೆ. ಕೊಳೆಯಿಲ್ಲದ ಕಾಲು ತೊಳೆಯುವುದು ಸುಲಭ. ಅದನ್ನು ನೋಡಿ ಕಣ್ಣೊರೆಸಿಕೊಳ್ಳುವುದು ಇನ್ನೂ ಸುಲಭ.

ವಿರಾಜಪೇಟೆಯ ಮಾರ್ಕೆಟ್ ಹಿಂದಿನ ಓಣಿಯ ಆರೋಗ್ಯಮ್ಮ ಈ ವರ್ಷ ಆ ಪೂಜೆಗೆ ಹೋಗಲಿಲ್ಲ. ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ ಮಾಡಿ ಒಬ್ಬನೇ ಮಗನನ್ನು ಸಾಕಿದ ಹೆಂಗಸು. ಮಗ ಸವರಿರಾಜ್ ಆಟೋ ಓಡಿಸುತ್ತಿದ್ದ. ಗಾಂಜಾ ಮಾರುವುದಕ್ಕೆ ಅಡ್ಡ ನಿಂತನೆಂದು ಅದೇ ಓಣಿಯ ಮನು ಅವನ ಬಲಗೈಗೆ ಕತ್ತಿ ಬೀಸಿದ. ಈಗ ಬೆರಳು ಮಡಚುವುದಿಲ್ಲ. ಮನು ಜಾಮೀನಿನ ಮೇಲೆ ಬಂದ ಕೂಡಲೇ ಸವರಿಯ ಗೆಳೆಯರು ಅವನ ಎಡಗಾಲು ಮುರಿದರು. ಪೊಲೀಸರು ಎರಡು ಸಲವೂ ಎಲ್ಲ ಮುಗಿದ ಮೇಲೆ ಬಂದರು. ಓಣಿಯ ದೊಡ್ಡವರು "ಅಲ್ಲಿಗಲ್ಲಿಗೆ ಸರಿಹೋಯ್ತು" ಎಂದರು. ಏನು ಸರಿಹೋಯಿತೋ!

ಮನುವಿಗೆ ಹಿಂದುಮುಂದು ಯಾರೂ ಇಲ್ಲ. ಮುರಿದ ಕಾಲಿನ ಗಾಯ ಕೀವಾಗಿ ನಾರತೊಡಗಿದಾಗ ಡ್ರೆಸ್ಸಿಂಗ್ ಮಾಡಲು ಹೋದವಳು ಆರೋಗ್ಯಮ್ಮ. ಮಗ ಅವಳೊಡನೆ ಮಾತು ಬಿಟ್ಟ.

ಈ ಸಲದ ಹನ್ನೆರಡು ಜನರಲ್ಲಿ ಸವರಿಯೂ ಒಬ್ಬ. ಪೆಟ್ಟು ತಿಂದವನಿಗೊಂದು ಗೌರವವಿರಲಿ ಎಂದು ಚರ್ಚಿನವರ ಆಯ್ಕೆ. ಆ ಸಂಜೆ ಬಚ್ಚಲಲ್ಲಿ ಒಂದೇ ಕೈಯಲ್ಲಿ ಕಾಲುಜ್ಜಲು ಒದ್ದಾಡುತ್ತಿದ್ದವನ ಮುಂದೆ ಅಮ್ಮ ಬೇಸಿನ್ ಇಟ್ಟು ಕೂತಳು. ಬೇಡವೆನ್ನದೆ ಕಾಲು ಚಾಚಿದ. ಅವಳು ಒಳಗಿರುವುದು ತಿಳಿಯದೆ ಗೆಳೆಯ ಪ್ರಸಾದ್ ಕಿಟಕಿಯಾಚೆಯಿಂದ ಹೇಳಿದ:

"ನೀನು ಫಾದರ್ ಮುಂದೆ ಕೂತಿರು ಮಾರಾಯ. ಇಡೀ ಊರೇ ಸಾಕ್ಷಿ. ಅವನ ಇನ್ನೊಂದು ಕಾಲು ನಮಗೆ ಬಿಡು."

ಆರೋಗ್ಯಮ್ಮ ಮಗನ ಮುಖ ನೋಡಿದಳು. "ಹೌದೇನೋ?"

"ನೀನು ಚರ್ಚಿಗೆ ನಡಿಯಮ್ಮ."

"ನಾನ್ ಬರಲ್ಲ." ನೀರು ಚೆಲ್ಲಿ, ಮನುವಿನ ಮನೆಗೆಂದು ಬೇಸಿನ್ ಎತ್ತಿಕೊಂಡಳು.

"ನನ್ ಕಾಲು ತೊಳ್ದಿದ್ರಲ್ಲೇ ಅವಂದಾ? ಹೋದ್ರೆ ನಿಂಗೆ ಮಗ ಇಲ್ಲ ಅಂತ ತಿಳ್ಕೊ."

ಅವಳು ಹೋದಳು.

ಚರ್ಚಿನ ಗಂಟೆ ಕೇಳಿಸಿದ ಮೇಲೆ ಮೂವರು ದೊಣ್ಣೆ ಹಿಡಿದು ಮನುವಿನ ಬಾಗಿಲಿಗೆ ಬಂದರು.

"ಆಂಟಿ, ಏಳಿ ನೀವು," ಎಂದ ಪ್ರಸಾದ್.

"ಎಲ್ಲಿಗೇಳ್ಲಿ? ಬ್ಯಾಂಡೇಜ್ ಅರ್ಧ ಬಿಚ್ಚಿದೀನಿ. ಆ ಬಿಸಿನೀರು ಎತ್ಕೊಡು, ಸೊಂಟ ಹಿಡ್ಕೊಂಡಿದೆ."

"ಆಂಟಿ, ತಮಾಷೆ ಬೇಡ."

"ಕ್ರಿಸ್‌ಮಸ್ಸಿಗೆ ನಮ್ಮನೆ ಹಂದಿಕರಿ ಮೂರ್ಸಲ ಹಾಕಿಸ್ಕೊಂಡೋನು, ಒಂದು ಪಾತ್ರೆ ಎತ್ಕೊಡೋಕೆ ಆಗಲ್ವೇನೋ?"

ಪ್ರಸಾದ್ ದೊಣ್ಣೆಯನ್ನು ಗೋಡೆಗೊರಗಿಸಿ ಪಾತ್ರೆ ಎತ್ತಿಕೊಟ್ಟ. ಬ್ಯಾಂಡೇಜ್ ಪೂರಾ ಬಿಚ್ಚಿದಾಗ ಬಂದ ವಾಸನೆಗೆ ಒಬ್ಬ ಹೊರಗೋಡಿದ. ತಾವು ಮಾಡಿದ ಗಾಯವನ್ನು ಅವರು ನೋಡಿದ್ದು ಅದೇ ಮೊದಲು. ಉಳಿದಿಬ್ಬರೂ ತಲೆ ತಗ್ಗಿಸಿ ಹೊರಟರು. ಮನು ಕ್ಷಮೆ ಕೇಳಲಿಲ್ಲ. "ನೋಯ್ತದೆ, ಮೆಲ್ಲಗೆ," ಎಂದ, ಅಷ್ಟೇ.

ಅವಳು ಮನೆಗೆ ಬರುವಷ್ಟರಲ್ಲಿ ಸವರಿಯ ಬಟ್ಟೆಗಳಿರಲಿಲ್ಲ. ಗೋಣಿಕೊಪ್ಪಲಿನಲ್ಲಿ ಯಾರದೋ ರೂಮು ಸೇರಿದ್ದಾನೆ.

ಈಸ್ಟರ್ ದಿನ ಪೂಜೆ ಮುಗಿದ ಮೇಲೆ ಜನ ಅವಳನ್ನು ಮುತ್ತಿಕೊಂಡರು. "ಕ್ರೈಸ್ತ ಪ್ರೀತಿ ಅಂದ್ರೆ ಇದು ಆರೋಗ್ಯಮ್ಮ! ನಮ್ಮ ಮಕ್ಳಿಗೆ ನಿಮ್ಮನ್ನೇ ತೋರಿಸ್ಬೇಕು."

"ತೋರಿಸ್ಬೇಡಿ," ಎಂದಳು. "ನನ್ ಮಗ ಫೋನ್ ಎತ್ತಲ್ಲ. ನಾನು ಹೋದ್ರೆ ಬಾಗಿಲು ತೆಗಿಯಲ್ಲ. ನಿಮ್ಮಲ್ಲಿ ಯಾರಾದ್ರೂ ಹೋಗಿ ಕರ್ಕೊಂಡ್ ಬನ್ನಿ. ಅವನ ಕೈಗೂ ಎಣ್ಣೆ ಹಚ್ಚೋರಿಲ್ಲ."

"ಹೋಗೋಣ, ಹೋಗೋಣ," ಎಂದರು ಎಲ್ಲರೂ. ಗೋಣಿಕೊಪ್ಪಲಿಗೆ ಬೇಕಾದಷ್ಟು ಬಸ್ಸುಗಳಿವೆ. ಇಂದಿನವರೆಗೆ ಯಾರೂ ಹತ್ತಿಲ್ಲ.