ಪಕ್ಕದ ಮನೆಯ ತಾತನಿಗೆ ಪೇಟ ತೊಡಿಸಿದ್ದು

ಹೋದ ಶನಿವಾರ ನನ್ನ ಮೊಮ್ಮಗಳು ನನ್ನ ಕೈ ಹಿಡಿದುಕೊಂಡು ನಾಟಕದ ಬಣ್ಣದ ಕೋಣೆಗೆ ಕರೆದುಕೊಂಡು ಹೋದಳು. ಜನ ಟಿಕೆಟ್ ತೆಗೆದುಕೊಂಡು ಬಂದು ನೋಡುವ ನಾಟಕ, ಅದೂ ನೈರೋಬಿಯಲ್ಲಿ, ಅದರಲ್ಲಿ ನನ್ನ ಮೊಮ್ಮಗಳಿಗೊಂದು ಪಾತ್ರ! ಈ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಲಿ, ಯಾರಿಗೆ ಹೇಳಲಿ? ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಬರೆದು ಅಭ್ಯಾಸವಿಲ್ಲ. ಆದರೂ ಬರೆಯದೆ ಇರಲಾಗದೆ ಕೂತಿದ್ದೇನೆ.

ಆ ಕೋಣೆಯಲ್ಲಿ ಕನ್ನಡಿಯ ಮುಂದೆ ಯಾರೋ ಒಂದು ಬಣ್ಣದ ಡಬ್ಬಿಯ ಮುಚ್ಚಳ ತೆಗೆದರು. ಮೇಣ, ಎಣ್ಣೆ, ಅದರ ಮೇಲೊಂದಿಷ್ಟು ಸೆಂಟು ಹಾಕಿದಂಥ ವಾಸನೆ. ಅಷ್ಟು ಹೊತ್ತೂ ಹಿಗ್ಗಿ ಹೀರೇಕಾಯಿಯಾಗಿದ್ದವಳು ಇದ್ದಕ್ಕಿದ್ದಂತೆ ಕುಗ್ಗಿಹೋದೆ. ಅದು ನಮ್ಮ ಪಕ್ಕದ ಮನೆಯ ತಾತನ ತಗಡಿನ ಪೆಟ್ಟಿಗೆಯ ವಾಸನೆ...

ಎರಡು ಸಾವಿರದ ಇಸವಿ ದಾಟಿ ಇನ್ನೂ ಕೆಲವೇ ವರ್ಷವಾಗಿತ್ತು. ಮಗನಿಗೆ ಇಂಡಸ್ಟ್ರಿಯಲ್ ಏರಿಯಾದ ಔಷಧಿ ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಕೆಲಸ. ಹತ್ತಿರವಾಗುತ್ತದೆಂದು ನೈರೋಬಿಯ ಸೌತ್ ಬಿ ಅನ್ನುವ ಬಡಾವಣೆಯಲ್ಲಿ ಮನೆ ಮಾಡಿದ್ದೆವು. ಬೇಲಿಯ ಆಚೆಯ ಮನೆಯಲ್ಲಿ ಇದೇ ದೇಶದ ಒಬ್ಬ ಲೆಕ್ಚರರ್, ಅವನ ಹೆಂಡತಿ ಇಂಗ್ಲೆಂಡಿನವಳು. ಅವಳ ತಾಯಿ ತೀರಿಹೋದ ಮೇಲೆ ತಂದೆಯನ್ನು ಇಲ್ಲಿಗೇ ಕರೆಸಿಕೊಂಡಿದ್ದಳು. ಅವರೇ ತಾತ. ವಯಸ್ಸಿನಲ್ಲಿ ನನಗಿಂತ ಏನೂ ಬಹಳ ದೊಡ್ಡವರಲ್ಲ, ಆದರೆ ನನ್ನ ಮೊಮ್ಮಗಳು ಕರೆದದ್ದೇ ಮನೆಮಂದಿಗೆಲ್ಲ ರೂಢಿಯಾಯಿತು. ತಮ್ಮ ದೇಶದಲ್ಲಿ ಆಯುಷ್ಯವಿಡೀ ನಾಟಕ, ಟೀವಿ, ಸಿನಿಮಾಗಳಲ್ಲಿ ಪಾತ್ರ ಮಾಡಿಕೊಂಡು ಬಂದವರು.

ನನಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಬೆಳಿಗ್ಗೆ ನಾನು ಬಟ್ಟೆ ಒಣಹಾಕುವ ಹೊತ್ತಿಗೆ ಅವರು ಬೇಲಿಯ ಹತ್ತಿರ ಬಂದು ಒಂದೊಂದೇ ಪಾತ್ರವನ್ನು ಮಾಡಿ ತೋರಿಸುತ್ತಿದ್ದರು. ಬೆನ್ನು ನೆಟ್ಟಗೆ ಮಾಡಿ ಇಲ್ಲದ ಬಾಗಿಲನ್ನು ತೆರೆದು ಸರಿದು ನಿಂತರೆ ದೊಡ್ಡ ಮನೆಯ ಸೇವಕ. ಹೆಬ್ಬೆರಳನ್ನು ಬೆಲ್ಟಿಗೆ ಸಿಕ್ಕಿಸಿದರೆ ಪೊಲೀಸಿನವನು. ಕಣ್ಣು ಮುಚ್ಚಿ ತಲೆ ಒಂದು ಕಡೆ ವಾಲಿಸಿದರೆ ಹೆಣ. ನಾನು “ಪಾದ್ರಿ! ಡಾಕ್ಟ್ರು! ಕುಡುಕ!” ಎಂದು ಕನ್ನಡದಲ್ಲೇ ಕೂಗಿ ಹೇಳುವುದು, ಅವರು ಸರಿ ಎಂದು ತಲೆಯಾಡಿಸುವುದು. ಚಳಿಯ ಊರುಗಳಲ್ಲಿ ವಾರಕ್ಕೊಂದು ಕಡೆ ಆಡಿ, ಹೆಚ್ಚಿನ ಸಲ ಮೊದಲನೇ ಅಂಕದಲ್ಲೇ ಬಂದು ಹೋಗುವ ಪಾತ್ರ ಮಾಡಿ, ಬಣ್ಣದ ಕೋಣೆಯಲ್ಲಿ ಕೂತು ಉಳಿದವರ ನಾಟಕವನ್ನು ಗೋಡೆಯ ಆಚೆಯಿಂದ ಕೇಳಿಸಿಕೊಳ್ಳುತ್ತಿದ್ದರಂತೆ. ಇದನ್ನೆಲ್ಲ ಮೊಮ್ಮಗಳು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ನನಗೆ ದಾಟಿಸುತ್ತಿದ್ದಳು.

ವೇಷದ ಮಾತು ನನಗೆ ಅಷ್ಟು ಬೇಗ ಅರ್ಥವಾಗುತ್ತಿದ್ದುದಕ್ಕೆ ಕಾರಣವಿತ್ತು. ಅದನ್ನು ನಾನು ಮಗನಿಗೂ ಹೇಳಿರಲಿಲ್ಲ. ನಮ್ಮಪ್ಪ ಕಂಪನಿ ನಾಟಕದಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದರು. ಹುಬ್ಬು ತಿದ್ದಿಕೊಂಡು, ಉದ್ದ ಕೂದಲು ಬಿಟ್ಟುಕೊಂಡು ಮನೆಗೆ ಬರುತ್ತಿದ್ದರು. ಕಂಪನಿ ನಮ್ಮೂರಿಗೇ ಬಂದರೂ ಅಮ್ಮ ನಮ್ಮನ್ನು ಡೇರೆಯ ಹತ್ತಿರ ಬಿಡುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆ, “ನಿಮ್ಮಪ್ಪನ್ನ ಕರೆಸೇ, ನೆರಿಗೆ ಹಿಡಿಯೋದು ಅವನೇ ಚೆನ್ನಾಗಿ ಹೇಳ್ಕೊಡ್ತಾನೆ” ಎಂದು ಪಂಕ್ತಿಯಲ್ಲಿ ಊಟಕ್ಕೆ ಕೂತವರ ಎದುರಿಗೇ ಅನ್ನುತ್ತಿದ್ದರು. ಹಾಗಾಗಿ ನನ್ನ ಮಕ್ಕಳಿಗೆ ಅಜ್ಜ ಅಂದರೆ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದವರು, ಅಷ್ಟೇ.

ಆ ವರ್ಷ ಮೊಮ್ಮಗಳ ಸ್ಕೂಲಿನಲ್ಲಿ ನಾಟಕ. ಅವಳಿಗೆ ಸಿಕ್ಕಿದ್ದು ತಟ್ಟೆ ಹಿಡಿದು ನಿಲ್ಲುವ ಕೆಲಸದವಳ ಪಾತ್ರ, ಒಂದೂ ಮಾತಿಲ್ಲ. ಅತ್ತುಕೊಂಡು ಬಂದಳು. ತಾತ ಅವಳನ್ನು ಕೂರಿಸಿಕೊಂಡು, ಮಾತಿಲ್ಲದವರು ಕೇಳಿಸಿಕೊಳ್ಳಬೇಕು, ನೀನು ನಿಜವಾಗಿ ಕೇಳಿಸಿಕೊಂಡರೆ ಜನ ನಿನ್ನನ್ನೇ ನೋಡುತ್ತಾರೆ ಎಂದರಂತೆ. ದಿನಾ ಸಾಯಂಕಾಲ ನಮ್ಮ ಹಾಲಿನಲ್ಲಿ ಪಾಠ ಶುರುವಾಯಿತು. ತಗಡಿನ ಪೆಟ್ಟಿಗೆ ತೆಗೆದು ಬಳಪದಂಥ ಬಣ್ಣದ ಕಡ್ಡಿಗಳನ್ನು ತೋರಿಸಿದ್ದು ಆಗಲೇ.

ಒಂದು ದಿನ ನಾನು ಮೊಮ್ಮಗಳ ಬಾಯಲ್ಲಿ ಕೇಳಿಸಿದೆ: ದೊಡ್ಡ ಪಾತ್ರ ಒಂದೂ ಸಿಗಲೇ ಇಲ್ಲವಾ? ಅವರು, ಒಂದೇ ಒಂದು ಸಿನಿಮಾದಲ್ಲಿ, ಎಂದು ಅದರ ಹೆಸರು ಹೇಳಿ, ಎದ್ದು ಹೋಗಿ ನೀರು ಕುಡಿದರು. ಅಷ್ಟು ಸಾಕಾಯಿತು ನನಗೆ. ಮಗನಿಗೆ ಗಂಟುಬಿದ್ದೆ. ಅವನು ಲಂಡನ್ನಿಗೆ ಹೋಗಿದ್ದ ಫ್ಯಾಕ್ಟರಿಯ ಸ್ನೇಹಿತನಿಗೆ ಹೇಳಿ ಅದರ ಡಿವಿಡಿ ತರಿಸಿದ. ಡಬ್ಬಿಯ ಮೇಲೆ ಹೀರೋ ಹೀರೋಯಿನ್ ಚಿತ್ರ, ಕೆಳಗೆ ಹೆಸರುಗಳ ಸಾಲಿನಲ್ಲಿ ತಾತನ ಹೆಸರೂ ಇತ್ತು. ನಾನು ಅದನ್ನು ದೇವರ ಮುಂದಿಟ್ಟೆ! ಯಾರೂ ಮೊದಲೇ ನೋಡಬಾರದು, ಕನ್ನಡ ಕೂಟದವರನ್ನೆಲ್ಲ ಕರೆದು ಅವರಿಗೊಂದು ಸನ್ಮಾನ ಮಾಡಿ, ಆಮೇಲೆ ಎಲ್ಲರೂ ಒಟ್ಟಿಗೆ ನೋಡೋಣ ಎಂದದ್ದೂ ನಾನೇ. “ಸರ್‌ಪ್ರೈಸ್ ಇರ್ಲಿ ಬಿಡಮ್ಮ, ಅವ್ರಿಗೆ ಸಿನಿಮಾ ವಿಷ್ಯ ಹೇಳ್ಬೇಡ” ಎಂದು ಮಗ ಸೇರಿಸಿದ.

ಭಾನುವಾರ ಮಧ್ಯಾಹ್ನ ಮನೆ ತುಂಬ ಜನ. ಒಳಗೆ ಬಿಸಿಬೇಳೆ ಬಾತ್ ಕುದಿಯುತ್ತಿತ್ತು. ತಾತ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಒಬ್ಬರೇ ಬಂದರು. ಮಗಳು ಅಳಿಯ ಮಕ್ಕಳನ್ನು ಕರೆದುಕೊಂಡು ಎಲ್ಲೋ ಹೊರಗೆ ಹೋಗಿದ್ದರು. ಕೂಟದ ಕಾರ್ಯದರ್ಶಿ ಶಾಲು ಹೊದಿಸಿ, ಗಂಧದ ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ತಲೆಗೆ ಮೈಸೂರು ಪೇಟ ತೊಡಿಸಿದರು. “ಆಂಗ್ಲ ರಂಗಭೂಮಿಯ ಮೇರು ನಟರು ಇವತ್ತು ನಮ್ಮವರಾಗಿದ್ದಾರೆ” ಎಂದು ಭಾಷಣ. ತಾತನಿಗೆ ಒಂದಕ್ಷರ ಅರ್ಥವಾಗದಿದ್ದರೂ ಕಣ್ಣು ತುಂಬಿಕೊಂಡವು. ಅಲ್ಲಿಗೇ ನಿಲ್ಲಿಸಿ ಊಟ ಬಡಿಸಿದ್ದರೆ ಎಷ್ಟು ಚೆನ್ನಾಗಿತ್ತು...

ಟೀವಿಯಲ್ಲಿ ಸಿನಿಮಾದ ಹೆಸರು ಬಂತು. ತಾತ ತಟ್ಟನೆ ಎದ್ದರು. “ನೋ ನೋ, ಪ್ಲೀಸ್, ನಾಟ್ ದಿಸ್ ಒನ್.”

ನಮ್ಮಲ್ಲಿ ಸನ್ಮಾನ ಅಂದರೆ ಮಾಡಿಸಿಕೊಳ್ಳುವವರು ಬೇಡ ಬೇಡ ಅನ್ನಲೇಬೇಕು. ನಾನೇನು ಅಂಥಾದ್ದು ಮಾಡಿಬಿಟ್ಟಿದ್ದೇನೆ ಅನ್ನಬೇಕು. ಉಳಿದವರು ಹಿಡಿದು ಕೂರಿಸಬೇಕು. ನಾವು ಹಾಗೆಯೇ ತಿಳಿದೆವು. ಕಾರ್ಯದರ್ಶಿ ನಗುತ್ತ ಒಂದು ಭುಜ ಹಿಡಿದರು, ಮಗ ಇನ್ನೊಂದು ಭುಜ ಹಿಡಿದ. “ಎಷ್ಟ್ ಸಂಕೋಚ ನೋಡಿ ಇವ್ರಿಗೆ! ಕೂತ್ಕೊಳ್ಳಿ ಅಂಕಲ್!” ಅವರನ್ನು ಕುರ್ಚಿಗೆ ಒತ್ತಿ ಕೂರಿಸಿದೆವು.

ಸಿನಿಮಾದಲ್ಲಿ ಬ್ರಿಟಿಷರ ಕಾಲದ ಒಂದು ಬಂಗಲೆ. ದೊರೆಸಾನಿ ಕರೆದಳು. ಬಾಗಿಲಲ್ಲಿ ಬಂದವರು ನಮ್ಮ ತಾತ. ಮುಖಕ್ಕೆ, ಕೈಗೆ, ಕಾಲಿಗೆ ಕಂದು ಬಣ್ಣ. ತಲೆಗೆ ರುಮಾಲು. ಕತ್ತು ಅಲ್ಲಾಡಿಸಿಕೊಂಡು, ರಾಗ ಎಳೆದು ಮಾತಾಡಿಕೊಂಡು, ಎರಡು ಹೆಜ್ಜೆಗೊಮ್ಮೆ ಎಡವಿಕೊಂಡು ನಮ್ಮ ದೇಶದ ಅಡುಗೆಯವನಾಗಿದ್ದರು. ನಾನಂತೂ ಅವರನ್ನು ಕಂಡ ಖುಷಿಗೆ, “ಅಯ್ಯೋ ನೋಡ್ರೀ, ನಮ್ಮ ತಾತ!” ಎಂದು ಕೈ ತಟ್ಟಿ ನಕ್ಕೆ. ಮಕ್ಕಳೂ ನಕ್ಕವು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ನಗುತ್ತಿರುವ ದೊಡ್ಡವಳು ನಾನೊಬ್ಬಳೇ.

ನನ್ನ ನಗು ನಿಂತದ್ದು ಒಂದು ಜಾಗದಲ್ಲಿ. ತೋಟದಲ್ಲಿ ಟೀಗೆ ಕೂತ ದೊರೆಸಾನಿ ಟೀ ತಣ್ಣಗಿದೆ ಎಂದು ಎಲ್ಲರ ಮುಂದೆ ಬೈಯುತ್ತಾಳೆ. ಮೇಜಿನ ಬಟ್ಟೆಯ ಮೇಲೊಂದು ಸುಕ್ಕು ಇತ್ತು, ಅದನ್ನು ಆ ಅಡುಗೆಯವನು ಅಂಗೈಯಿಂದ ಮೆಲ್ಲಗೆ ನೇವರಿಸಿ ಸರಿಮಾಡುತ್ತಾನೆ, ಅಷ್ಟೇ. ಅಷ್ಟರಲ್ಲಿ ನನಗೆ ಬಣ್ಣವೂ ಕಾಣಲಿಲ್ಲ, ರುಮಾಲೂ ಕಾಣಲಿಲ್ಲ. ಪಂಕ್ತಿಯಲ್ಲಿ ಬಡಿಸುತ್ತ ಬೈಸಿಕೊಂಡ ನಾನೇ ಅಲ್ಲಿ ನಿಂತಿದ್ದ ಹಾಗಿತ್ತು. ಮರುಕ್ಷಣ ಅವನು ಮತ್ತೆ ಎಡವಿ ಟ್ರೇ ಸಮೇತ ಕಾರಂಜಿಯೊಳಗೆ ಬಿದ್ದ.

“ಇದನ್ನ ನೋಡ್ಲಿಕ್ಕಾ ನಮ್ಮನ್ನ ಕರೆದಿದ್ದು?” ಎಂದು ಹಿಂದಿನಿಂದ ಒಬ್ಬ ಹುಡುಗ ಇಂಜಿನಿಯರ್ ಕೇಳಿದ. ಮಗ ಟೀವಿ ಆರಿಸಿದ. ಎಲ್ಲರೂ ತಾತನ ಕಡೆ ತಿರುಗಿದರು. ಶಾಲು, ಹಾರ, ತಲೆಯ ಮೇಲೆ ನಾವೇ ತೊಡಿಸಿದ ಪೇಟ. ತೆರೆಯ ಮೇಲೆ ಆಗಷ್ಟೇ ಕಂಡ ಆ ರುಮಾಲು, ಇಲ್ಲಿ ಈ ಪೇಟ... ಅವರು ಎರಡೂ ಕೈಯಿಂದ ಅದನ್ನು ತೆಗೆದು ಟೀಪಾಯಿಯ ಮೇಲಿಟ್ಟರು. ಶಾಲು ಮಡಿಸಿಟ್ಟರು. ಏನೋ ಹೇಳಿದರು.

“ಅಜ್ಜಿ, ಹೀ ಈಸ್ ಸೇಯಿಂಗ್ ಸಾರಿ,” ಎಂದಳು ಮೊಮ್ಮಗಳು.

“ಊಟ ಮಾಡ್ಕೊಂಡು ಹೋಗಿ ಅಂಕಲ್” ಎಂದು ಸೊಸೆ ಕೈಸನ್ನೆ ಮಾಡಿದಳು. ಅವರು ನಿಲ್ಲಲಿಲ್ಲ. ಮನೆಗೆ ಕರೆದು, ಕುರ್ಚಿ ಹಾಕಿ, ಹೊದಿಸಿ, ಎಲ್ಲರ ಎದುರಿಗೆ ಬೆತ್ತಲೆ ಮಾಡಿ ಕಳಿಸಿದಂತಾಯಿತು. ಅವರು ಮಾಡಿದ ಪಾತ್ರಕ್ಕೆ ನನಗೆ ಸಿಟ್ಟು ಬರಲಿಲ್ಲ. ಮಗ ಆಮೇಲೆ, “ಅದು ನಮ್ಮನ್ನ ಗೇಲಿ ಮಾಡಿದ್ದಮ್ಮ, ನೀನು ಬೇರೆ ನಗ್ತಿದ್ದೆ” ಎಂದು ತಿಳಿಸಿ ಹೇಳಿದ ಮೇಲೂ ಪೂರ್ತಿ ಬರಲಿಲ್ಲ. ಬಂದದ್ದು ನಾಚಿಕೆಯೇ.

ಬೇಲಿಯ ಹತ್ತಿರ ತಾತ ಬರುವುದು ನಿಂತಿತು. ಪಾಠ ನಿಂತಿತು. ಮೊಮ್ಮಗಳು ತಟ್ಟೆ ಹಿಡಿದು ಹಾಲಿನಲ್ಲಿ ಒಬ್ಬಳೇ ನಿಲ್ಲುವಳು. ತಾತ ನಾಟಕಕ್ಕೆ ಬರದಿದ್ದರೆ ತಾನು ಮಾಡುವುದೇ ಇಲ್ಲ ಎಂದು ಹಟ ಹಿಡಿದಳು. “ಸ್ವಲ್ಪ ದಿನ ಸುಮ್ನಿರಮ್ಮ, ಜನ ಏನೇನೋ ಮಾತಾಡ್ತಿದಾರೆ” ಎಂದ ಮಗ. ಅವನು ಫ್ಯಾಕ್ಟರಿಗೆ ಹೋದ ಮೇಲೆ ನಾನು ಮೊಮ್ಮಗಳನ್ನು ಕರೆದುಕೊಂಡು ಅವರ ಮನೆಯ ಬಾಗಿಲು ತಟ್ಟಿದೆ. ಆ ಮೇಜಿನ ಬಟ್ಟೆ ನೇವರಿಸಿದ್ದು ಎಷ್ಟು ಚೆನ್ನಾಗಿತ್ತೆಂದು ಹೇಳಬೇಕು ಎಂದೇ ಹೋಗಿದ್ದೆ.

ಅವರೇ ಮೊದಲು ಮಾತಾಡಿದರು, ನೆಲ ನೋಡುತ್ತ. ಹೆಸರು ಪೋಸ್ಟರಿನ ಮೇಲೆ ಬಂದದ್ದು ಅದೊಂದೇ ಸಲವಂತೆ. ಅವರ ತಾಯಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರಂತೆ. ದಿನಾ ಬೆಳಿಗ್ಗೆ ಬಣ್ಣ ಹಚ್ಚಿಸಿಕೊಳ್ಳುವಾಗ ಹೆಮ್ಮೆಯಾಗುತ್ತಿತ್ತಂತೆ. ಆಮೇಲಾಮೇಲೆ ಲಂಡನ್ನಿನ ಬೀದಿಯಲ್ಲಿ ನಮ್ಮವರು ಯಾರಾದರೂ ಎದುರು ಬಂದರೆ, ಗುರುತು ಹಿಡಿದಾರೆಂದು ರಸ್ತೆಯ ಆಚೆ ದಾಟಿಬಿಡುತ್ತಿದ್ದರಂತೆ.

ಆಗ ನನ್ನ ಬಾಯಲ್ಲಿ ಬಂದದ್ದು ನಮ್ಮಪ್ಪನ ವಿಷಯ. ಯಾಕೆ ಬಂತೋ! ಹುಬ್ಬು, ಕೂದಲು, ಸೀರೆ, ಅತ್ತೆಯ ಮಾತು, ಎಲ್ಲ ಹೇಳಿಬಿಟ್ಟೆ. ಮೊಮ್ಮಗಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. “ಅಜ್ಜಿ! ಯುವರ್ ಡ್ಯಾಡ್? ಇನ್ ಎ ಸ್ಯಾರಿ?” “ಹೂಂ ಕಣೇ, ಹೇಳು ಅವ್ರಿಗೆ” ಎಂದೆ. ಹೇಳಿದಳು. ತಾತ ಕಣ್ಣು ಮಿಟುಕಿಸದೆ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು.

“ವಾಸ್ ಹೀ ಗುಡ್?”

ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತಿತ್ತು. ನಮ್ಮಪ್ಪ ಚೆನ್ನಾಗಿ ಮಾಡುತ್ತಿದ್ದರಾ? ಗೊತ್ತಿಲ್ಲ. ನಾನು ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಇಷ್ಟು ವರ್ಷ ಸೀರೆಯದೊಂದೇ ಚಿಂತೆ ಮಾಡಿದ ನನಗೆ, ಈ ಪ್ರಶ್ನೆ ಕೇಳಿಕೊಳ್ಳಬೇಕೆಂದೂ ಹೊಳೆದಿರಲಿಲ್ಲ. ತಲೆ ತಗ್ಗಿಸಿ ಕೂತೆ. ಹೇಳಲು ಹೋದ ಮೇಜಿನ ಬಟ್ಟೆಯ ಮಾತು ಹೇಳದೆಯೇ ಉಳಿಯಿತು. ಅವರು ಎದ್ದು ಹೋಗಿ ತಾವೇ ಟೀ ಮಾಡಿಕೊಂಡು ಬಂದರು.

ಮೊಮ್ಮಗಳು ಮನೆಗೆ ಬಂದವಳೇ ಅಪ್ಪನಿಗೆ ಎಲ್ಲ ವರದಿ ಒಪ್ಪಿಸಿದಳು. ಮಗ ನನ್ನ ಪಕ್ಕ ಬಂದು ಕೂತ. “ಅಮ್ಮ, ಅಜ್ಜಂದು ಒಂದು ಫೋಟೋನಾದ್ರೂ ಇದ್ಯಾ?” ಎಂದ. “ಇಲ್ಲ ಕಣೋ. ಇದ್ದದ್ದನ್ನ ನಮ್ಮಮ್ಮ ಒಲೆಗೆ ಹಾಕಿದ್ಲು” ಎಂದೆ. ಮಾರನೆಯ ದಿನ ತಾನೇ ಹೋಗಿ ತಾತನನ್ನು ಸ್ಕೂಲಿನ ನಾಟಕಕ್ಕೆ ಕರೆದು ಬಂದ.

ತಾತ ಬಂದರು. ನನಗೂ ಮಗನಿಗೂ ನಡುವೆ ಕೂತರು. ಮುಂದಿನ ಸಾಲಿನಿಂದ ಕೂಟದ ಕಾರ್ಯದರ್ಶಿಯ ಹೆಂಡತಿ ತಿರುಗಿ ನೋಡಿದಾಗ ಮಗ, “ನಮಸ್ಕಾರ, ಇವ್ರೇ ನಮ್ಮ ಪಾಪೂಗೆ ಹೇಳಿಕೊಟ್ಟೋರು” ಎಂದು ಗಟ್ಟಿಯಾಗಿ ಹೇಳಿದ. ಮೊಮ್ಮಗಳು ತಟ್ಟೆ ಹಿಡಿದು ನಿಂತು ಎಷ್ಟು ಚೆನ್ನಾಗಿ ಕೇಳಿಸಿಕೊಂಡಳೆಂದರೆ ಮಾತಾಡುತ್ತಿದ್ದ ಮಕ್ಕಳನ್ನು ಯಾರು ನೋಡಿದರೋ ನಾ ಕಾಣೆ!

ತಾತ ಮತ್ತೆ ಬೇಲಿಯ ಹತ್ತಿರ ಬರತೊಡಗಿದರು. ಆದರೆ ಆ ಸಿನಿಮಾದ ಮಾತು ನಮ್ಮ ನಡುವೆ ಬರಲಿಲ್ಲ. ಎತ್ತಿದರೆ ಗಾಯ ಕೆದಕಿದಂತಾಗುತ್ತದೆ ಎಂದು ನಾನೂ ಬಿಟ್ಟೆ. ನಾಳೆ ಹೇಳೋಣ, ಆಚೆ ವಾರ ಹೇಳೋಣ... ಅವರಿಗೆ ಎದೆಯ ತೊಂದರೆ ಶುರುವಾಗಿ ಮಗಳು ಇಂಗ್ಲೆಂಡಿಗೇ ಕರೆದುಕೊಂಡು ಹೋದಳು. ತೀರಿಹೋದ ಸುದ್ದಿಯನ್ನು ಅವಳೇ ಫೋನ್ ಮಾಡಿ ತಿಳಿಸಿದಳು. ಆ ಮನೆಗೆ ಎಷ್ಟೋ ಬಾಡಿಗೆಯವರು ಬಂದು ಹೋದರು.

ಹೋದ ಶನಿವಾರ ನಾಟಕ ಮುಗಿದ ಮೇಲೆ ಮೊಮ್ಮಗಳು ಅರ್ಧ ಬಣ್ಣ ಒರೆಸಿದ ಮುಖದಲ್ಲೇ ಓಡಿಬಂದಳು. ಅವಳದು ನರ್ಸಿನ ಪಾತ್ರ, ಚಿಕ್ಕದು. “ಅಜ್ಜಿ, ಹೌ ವಾಸ್ ಐ?” ಎಂದಳು. “ಚೆನ್ನಾಗಿ ಮಾಡ್ದೆ ಕಣೇ! ಬಹಳ ಚೆನ್ನಾಗಿ ಮಾಡ್ದೆ!” ಎಂದು ಕೂಗಿದೆ. ಸುತ್ತಲಿನ ಜನ ತಿರುಗಿ ನೋಡಿ ನಕ್ಕರು. ನನಗೆ ಹಿಡಿಸಲಾರದಷ್ಟು ಸಂತೋಷ, ಅದು ಸುಳ್ಳಲ್ಲ. ಆದರೆ ಎಷ್ಟು ಸಲೀಸಾಗಿ ಬಂತು ಆ ಮಾತು! ಇಂಗ್ಲಿಷು ಬಾರದಿದ್ದರೂ, ಅಂಗೈಯಿಂದ ಒಂದು ಸುಕ್ಕು ನೇವರಿಸಿ, ಎದೆಯ ಮೇಲೆ ಕೈ ಇಟ್ಟು ತೋರಿಸಿದ್ದರೂ ಸಾಕಾಗಿತ್ತು. ತಾತ ತಿಳಿದುಕೊಳ್ಳುತ್ತಿದ್ದರು.